ಹಳೇ ಫ್ಲಾಟಾ, ಹಳೇ ಮನೆನಾ, ಬ್ಯಾಂಕ್ ಹರಾಜಾ? ಕೊಂಡು ರಿಪೇರಿ ಮಾಡಿ ಮಾರೋಕೆ ಮೊದಲ ಸಲ ಇಳಿಯೋರಿಗೆ

7.6 ಪರ್ಸೆಂಟ್. ಮಿಕ್ಕಿದ್ದೆಲ್ಲ ಆಮೇಲೆ, ಮೊದ್ಲು ಈ ನಂಬರ್ ತಲೇಲಿ ಇಟ್ಕೊಳ್ಳಿ. ಕರ್ನಾಟಕದ ಸಿಟಿಗಳಲ್ಲಿ 45 ಲಕ್ಷಕ್ಕಿಂತ ಮೇಲಿನ ಒಂದು ಮನೆ ಕೊಂಡ್ರೆ ಸ್ಟ್ಯಾಂಪ್ ಡ್ಯೂಟಿ 5, ಅದ್ರ ಮೇಲೆ ಸೆಸ್ಸು ಸರ್‌ಚಾರ್ಜು ಸೇರಿ 5.6, ರಿಜಿಸ್ಟ್ರೇಷನ್ ಫೀಸು 1 ಇದ್ದಿದ್ದು 2025ರ ಆಗಸ್ಟ್ 31ರಿಂದ 2 ಆಯ್ತು, ಒಟ್ಟು 7.6. ಸಬ್ ರಿಜಿಸ್ಟ್ರಾರ್ ಆಫೀಸಲ್ಲಿ ಹೆಬ್ಬೆಟ್ಟು ಒತ್ತಿ ಫೋಟೋ ತೆಗೆಸ್ಕೊಂಡು ಹೊರಗೆ ಬಂದು ಒಂದು ಬೈಟು ಕಾಫಿ ಕುಡಿಯೋ ಹೊತ್ತಿಗೆ ಆ ದುಡ್ಡು ಹೋಯ್ತು, ವಾಪಸ್ ಬರಲ್ಲ. ಅದೂ ನೀವು ಕೊಟ್ಟ ರೇಟು, ಸರ್ಕಾರದ ಗೈಡೆನ್ಸ್ ವ್ಯಾಲ್ಯೂ, ಎರಡ್ರಲ್ಲಿ ಯಾವ್ದು ಜಾಸ್ತಿನೋ ಅದ್ರ ಮೇಲೆ.

ಇದನ್ನ ಯಾಕೆ ಮೊದ್ಲೇ ಹೇಳಿದೆ ಅಂದ್ರೆ, ಈ ವ್ಯಾಪಾರಕ್ಕೆ ಇಳೀತೀನಿ ಅನ್ನೋ ಹುಡುಗರೆಲ್ಲ ಅಮೆರಿಕದ ವಿಡಿಯೋ ನೋಡ್ಕೊಂಡು ಬಂದಿರ್ತಾರೆ, ಗೋಡೆ ಒಡೆದ್ರು, ಅಡುಗೆ ಮನೆ ಬಿಳಿ ಮಾಡಿದ್ರು, ಮೂರೇ ತಿಂಗಳಲ್ಲಿ ಮಾರಿದ್ರು, ಕೊನೇಲಿ ಲಾಭ ಇಷ್ಟು ಅಂತ ಸ್ಕ್ರೀನ್ ಮೇಲೆ ಬರತ್ತೆ. ನಮ್ಮಲ್ಲಿ ಟೈಲ್ಸು ಪೇಂಟು ಎಲ್ರೂ ಮಾಡಿಸ್ತಾರೆ, ಅದ್ರಲ್ಲಿ ದುಡ್ಡಿಲ್ಲ ಅಂತಲ್ಲ, ಆದ್ರೆ ಎರಡು ಮನೆ ಮಾಡಿದ್ಮೇಲೆ ನಂಗೆ ಅನ್ಸಿದ್ದು ಇಲ್ಲಿ ನಿಜವಾದ ರಿಪೇರಿ ಗೋಡೆದಲ್ಲ, ಪತ್ರದ್ದು. ಯಾವ ಮನೆ ಪತ್ರ ಎಷ್ಟು ಕೆಟ್ಟಿದೆ, ಅದನ್ನ ಸರಿ ಮಾಡೋಕೆ ಎಷ್ಟು ತಿಂಗಳು, ಅಷ್ಟು ತಿಂಗಳು ಬಡ್ಡಿ ಕಟ್ಕೊಂಡು ಕೂರೋ ತಾಕತ್ತು ನಿಮಗಿದ್ಯಾ. ಕೆಳಗಿನ ಹೋಲಿಕೆ ಎಲ್ಲಾ ಸುತ್ತಿ ಬಳಸಿ ಇದೇ ಪ್ರಶ್ನೆಗೆ ಬಂದು ನಿಲ್ಲತ್ತೆ.

ಒಂದು ಲೆಕ್ಕ ಹಾಕಿಬಿಡೋಣ. 55 ಲಕ್ಷದ ಹಳೇ ಟೂ ಬಿಎಚ್‌ಕೆ ಫ್ಲಾಟ್ ಅಂದ್ಕೊಳ್ಳಿ. ರಿಜಿಸ್ಟ್ರೇಷನ್ 4.18 ಲಕ್ಷ. ಬ್ರೋಕರ್ 1 ಪರ್ಸೆಂಟ್ ಅಂದ್ರೂ 55 ಸಾವಿರ, ಲಾಯರಿಗೆ 15 ಸಾವಿರ. ರಿಪೇರಿ 6 ಲಕ್ಷ. 30ರಿಂದ 75 ಲಕ್ಷದ ನಡುವಿನ ಲೋನಿಗೆ ಆರ್‌ಬಿಐ ನಿಯಮದ ಪ್ರಕಾರ ಬ್ಯಾಂಕು ಮನೆ ಬೆಲೆಯ 80 ಪರ್ಸೆಂಟ್ ತನಕ ಕೊಡ್ಬೋದು, ಅಂದ್ರೆ 44 ಲಕ್ಷ, ಎಂಟೂವರೆ ಬಡ್ಡಿ ಅಂದ್ರೆ ತಿಂಗಳಿಗೆ ಬರೀ ಬಡ್ಡಿನೇ 31 ಸಾವಿರ ಚಿಲ್ರೆ, ಎಂಟು ತಿಂಗಳಿಗೆ ಎರಡೂವರೆ ಲಕ್ಷ. ಅಸೋಸಿಯೇಷನ್ ಮೇಂಟೆನೆನ್ಸ್ ಎಂಟು ತಿಂಗಳದ್ದು 28 ಸಾವಿರ. ಮಾರೋವಾಗ ಮತ್ತೆ ಬ್ರೋಕರಿಗೆ 70 ಸಾವಿರದ ಹತ್ರ. ಎಲ್ಲಾ ಕೂಡಿಸಿ ನೋಡಿ, 69.4 ಲಕ್ಷಕ್ಕೆ ಮಾರಿದ್ರೆ ನಿಮ್ಮ ಕೈಗೆ ಸೊನ್ನೆ. ಅಸಲು ಹುಟ್ಟಬೇಕಾದ್ರೇನೇ ಕೊಂಡಿದ್ದಕ್ಕಿಂತ 26 ಪರ್ಸೆಂಟ್ ಮೇಲೆ ಮಾರ್ಬೇಕು! 74ಕ್ಕೆ ಮಾರಿದ್ರೆ ನಾಲ್ಕೂವರೆ ಲಕ್ಷದ ಆಸುಪಾಸು ಉಳಿಯತ್ತೆ, ಅದಕ್ಕೆ 30 ಪರ್ಸೆಂಟ್ ಟ್ಯಾಕ್ಸ್ ಸ್ಲ್ಯಾಬಲ್ಲಿ ಇರೋರು ಟ್ಯಾಕ್ಸ್ ಕಟ್ಟಿದ್ರೆ ಕೈಗೆ ಸಿಗೋದು ಮೂರು ಲಕ್ಷ ಚಿಲ್ರೆ, ಇಪ್ಪತ್ನಾಲ್ಕು ಇಪ್ಪತ್ತೈದು ಲಕ್ಷ ಸ್ವಂತ ದುಡ್ಡು ಎಂಟು ತಿಂಗಳು ಹೂತಿಟ್ಟಿದ್ದಕ್ಕೆ. ಕೆಟ್ಟದ್ದೇನಲ್ಲ. ಆದ್ರೆ ಎಂಟು ತಿಂಗಳು ಹದಿನಾಲ್ಕು ಆದ್ರೆ ಬಡ್ಡಿನೇ ಇನ್ನೂ ಸುಮಾರು ಎರಡು ಲಕ್ಷ ತಿಂದ್ಹಾಕತ್ತೆ, ಆ ಮೂರು ಲಕ್ಷ ಎಲ್ಲಿಗ್ ಬಂತು ನೀವೇ ನೋಡ್ಕೊಳ್ಳಿ.

ಹಾಗಾಗಿ ಕೊಳ್ಳೋ ರೇಟಲ್ಲೇ ದುಡ್ಡು ಮಾಡ್ಕೋಬೇಕು, ಮಾರೋವಾಗ ಅಲ್ಲ. ಪಕ್ಕದ ಫ್ಲಾಟು 70ಕ್ಕೆ ಹೋಗಿದೆ, ಇದು 66ಕ್ಕೆ ಸಿಗ್ತಿದೆ ಅಂತ ಖುಷಿಯಾಗಿ ಅಡ್ವಾನ್ಸ್ ಕೊಟ್ಟು ಬಂದ್ರೆ ಅಲ್ಲೇ ಮುಗೀತು.

ಹಳೇ ಫ್ಲಾಟು

ಮೊದಲ ಸಲ ಮಾಡೋರಿಗೆ ನಾನು ಹೇಳೋದು ಇದೇ, ಹತ್ತರಿಂದ ಹದಿನೈದು ವರ್ಷ ಹಳೇದು, ನಲವತ್ತೈವತ್ತು ಮನೆಗಿಂತ ದೊಡ್ಡ ಕಾಂಪ್ಲೆಕ್ಸು, ಸಾವಿರ ಸಾವಿರದಿನ್ನೂರು ಚದರಡಿ. ಕಾರಣ ಸಿಂಪಲ್, ಅದೇ ಬಿಲ್ಡಿಂಗಲ್ಲಿ ಬೇರೆ ಫ್ಲಾಟುಗಳು ಈಗಾಗ್ಲೇ ಬ್ಯಾಂಕ್ ಲೋನಲ್ಲಿ ಮಾರಾಟ ಆಗಿರ್ತವೆ, ಅಂದ್ರೆ ಜಾಗದ ಮೂಲ ಪತ್ರನ ನಾಲ್ಕೈದು ಬ್ಯಾಂಕಿನ ಲಾಯರ್‌ಗಳು ಓದಿ ಸರಿ ಅಂದಿರ್ತಾರೆ. ನೀವು ನಿಮ್ಮ ಫ್ಲಾಟಿನ ಮಟ್ಟಿಗೆ ಸೇಲ್ ಡೀಡು, ಇಸಿ (ಆಸ್ತಿ ಮೇಲಿನ ಋಣಭಾರ, ಹಳೇ ವ್ಯವಹಾರ ತೋರಿಸೋ ಪತ್ರ), ಇ-ಖಾತಾ (ಆನ್‌ಲೈನ್ ಖಾತಾ), ಟ್ಯಾಕ್ಸ್ ರಸೀದಿ, ಅಸೋಸಿಯೇಷನ್ ಎನ್‌ಓಸಿ (ತಕರಾರಿಲ್ಲ ಅನ್ನೋ ಪತ್ರ), ಹಳೇ ಲೋನ್ ಇದ್ದಿದ್ರೆ ಅದು ತೀರಿದ ಪತ್ರ ನೋಡಿದ್ರೆ ಬಹುಪಾಲು ಸಾಕು. ಬೆಂಗಳೂರಲ್ಲಿ 2024ರ ಅಕ್ಟೋಬರಿಂದ ಇ-ಖಾತಾ ಇಲ್ದೆ ರಿಜಿಸ್ಟ್ರೇಷನ್ನೇ ಆಗಲ್ಲ, ಮಾರೋರ ಹತ್ರ ಅದು ರೆಡಿ ಇದ್ಯಾ ಅಂತ ಮೊದಲ ಫೋನಲ್ಲೇ ಕೇಳಿ, "ಅಪ್ಲೈ ಮಾಡಿದೀವಿ ಸಾರ್, ಇವತ್ತು ನಾಳೆ ಬರತ್ತೆ" ಅಂದ್ರೆ ಅಡ್ವಾನ್ಸ್ ಕೊಡೋಕೆ ಹೋಗ್ಬೇಡಿ, ಬರ್ಲಿ ನೋಡೋಣ ಅನ್ನಿ.

ಬಿ ಖಾತಾ (ನಿಯಮ ಪೂರ್ತಿ ಪಾಲಿಸದ ಆಸ್ತಿಗೆ ಕೊಡೋ ಖಾತಾ) ಫ್ಲಾಟು ಅಗ್ಗಕ್ಕೆ ಸಿಗತ್ತೆ, ಆಸೆ ಆಗತ್ತೆ. ಆದ್ರೆ ನಿಮಗೆ ಯಾವ ಕಾರಣಕ್ಕೆ ಅಗ್ಗವಾಗಿ ಸಿಕ್ತೋ ಅದೇ ಕಾರಣಕ್ಕೆ ನೀವೂ ಅಗ್ಗಕ್ಕೇ ಮಾರ್ಬೇಕಾಗತ್ತೆ, ಯಾಕಂದ್ರೆ ಸುಮಾರು ಬ್ಯಾಂಕುಗಳು ಲೋನ್ ಕೊಡೋಕೆ ಹಿಂದೆಮುಂದೆ ನೋಡ್ತವೆ, ಕೊಳ್ಳೋರು ಕೈಬೆರಳಲ್ಲಿ ಎಣಿಸೋ ಅಷ್ಟು. ಮೊದಲ ಮನೆಗೆ ಬೇಡ.

ರಿಪೇರಿ ವಿಷಯ. ನಾನು ಕೆಂಗೇರಿ ಕಡೆ ಒಂದು ಫ್ಲಾಟ್ ತಗೊಂಡಾಗ ಹಾಲು, ಬೆಡ್‌ರೂಂ ನೆಲ ಎಲ್ಲಾ ಹಾಗೇ ಬಿಟ್ಟೆ, ಇದ್ದ ವಿಟ್ರಿಫೈಡ್ ಟೈಲ್ಸ್ ಪಾಲಿಶ್ ಹೊಡೆಸಿದ್ದಷ್ಟೇ. ದುಡ್ಡು ಹೋಗಿದ್ದು ಎರಡು ಬಾತ್‌ರೂಂ, ಅಡುಗೆ ಮನೆ, ಲೈಟು, ಮೇನ್ ಡೋರ್ ಪಾಲಿಶು, ಪೇಂಟು. ಮನೆ ನೋಡೋಕೆ ಬರೋ ಗಂಡ ಹೆಂಡ್ತಿ ಮೊದ್ಲು ಅಡುಗೆ ಮನೆ ನೋಡ್ತಾರೆ, ಆಮೇಲೆ ಬಾತ್‌ರೂಂ ಬಾಗಿಲು ತೆಗೆದು ಮೂಗಲ್ಲಿ ನೋಡ್ತಾರೆ, ಅದಾದ್ಮೇಲೆ ಕಂಪಾಸ್ ಆಪ್ ತೆಗೀತಾರೆ. ಪೂರ್ವ ಅಥವಾ ಉತ್ತರಕ್ಕೆ ಬಾಗಿಲು, ಆಗ್ನೇಯದಲ್ಲಿ ಒಲೆ ಇದ್ರೆ ಮುಖ ಅರಳತ್ತೆ, ಈಶಾನ್ಯದಲ್ಲಿ ಟಾಯ್ಲೆಟ್ ಇದ್ರೆ "ಯೋಚ್ನೆ ಮಾಡಿ ಹೇಳ್ತೀವಿ" ಅಂತ ಲಿಫ್ಟ್ ಒತ್ತುತಾರೆ. ನೀವು ವಾಸ್ತು ನಂಬ್ತೀರೋ ಬಿಡ್ತೀರೋ, ಕೊಳ್ಳೋರು ನಂಬ್ತಾರೆ, ಟೈಲ್ಸ್ ಬದಲಾಯಿಸ್ಬೋದು, ದಿಕ್ಕು ಬದಲಾಯಿಸೋಕಾಗಲ್ಲ.

ಆಮೇಲೆ ಸೀಪೇಜು, ಅಂದ್ರೆ ನೀರು ಜಿನುಗೋದು. ಮಳೆ ಬಿದ್ದ ಮಾರನೇ ದಿನ ಹೋಗಿ ನೋಡಿ, ಬಾತ್‌ರೂಂ ಸೀಲಿಂಗ್ ಮೇಲೆ ಟಾರ್ಚ್ ಬಿಡಿ. ಹಳದಿ ಕಲೆ, ಉಬ್ಬಿದ ಪೇಂಟು, ಬಿಳಿ ಉಪ್ಪು ಕಂಡ್ರೆ ಅದು ಮೇಲಿನ ಮನೆಯವರ ಬಾತ್‌ರೂಮಿಂದ, ನಿಮ್ಮ ಕಡೆಯಿಂದ ಎಷ್ಟು ಪುಟ್ಟಿ ಬಳಿದ್ರೂ ಆರು ತಿಂಗಳಿಗೆ ಮತ್ತೆ ಬರತ್ತೆ, ಮೇಲಿನವರ ನೆಲ ಒಡೀಬೇಕು, ಅವ್ರು ಒಪ್ಪಬೇಕು, ಒಪ್ಪದೇ ಇದ್ರೆ ಅಸೋಸಿಯೇಷನ್ ಮೀಟಿಂಗಲ್ಲಿ ಜಗಳ. ನನ್ನ ಕೇಸಲ್ಲಿ ಮೇಲಿನ ಮನೆಯವ್ರಿಗೆ ನಾನೇ ದುಡ್ಡು ಹಾಕಿ ವಾಟರ್‌ಪ್ರೂಫಿಂಗ್ ಮಾಡಿಸ್ಕೊಟ್ಟೆ, 38 ಸಾವಿರ, ಅವ್ರ ಬಾತ್‌ರೂಮಿಗೆ ಹೊಸ ಟೈಲ್ಸ್ ಬೇರೆ! ಮೂಗು ಮುರ್ಕೊಂಡೇ ಕೊಟ್ಟೆ, ಆದ್ರೆ ಆ 38 ಸಾವಿರ ಇಲ್ದಿದ್ರೆ ಫ್ಲಾಟ್ ಮಾರಾಟ ಆಗ್ತಿರ್ಲಿಲ್ಲ. ಹೊಸ ಬಾತ್‌ರೂಂ ಮಾಡಿಸಿದ್ರೆ ಟೈಲ್ಸ್ ಹಾಕೋ ಮುಂಚೆ ಎರಡು ದಿನ ನೀರು ನಿಲ್ಲಿಸಿ ಕೆಳಗಿನ ಮನೆಗೆ ಹೋಗಿ ನೋಡ್ಕೊಂಡು ಬನ್ನಿ, ಮೇಸ್ತ್ರಿ "ಏನಾಗಲ್ಲ ಬಿಡಿ ಸಾರ್" ಅಂತಾನೆ, ಬಿಡ್ಬೇಡಿ.

ಅಸೋಸಿಯೇಷನ್ ರೂಲ್ಸ್ ಮೊದ್ಲೇ ಕೇಳಿ, ಕೆಲಸ ಬೆಳಿಗ್ಗೆ ಒಂಬತ್ತರಿಂದ ಸಂಜೆ ಆರು, ಭಾನುವಾರ ಇಲ್ಲ, ಕಸ ಹಾಕೋಕೆ ಡೆಪಾಸಿಟ್ಟು, ಸರ್ವಿಸ್ ಲಿಫ್ಟಿಗೆ ಬೇರೆ ದುಡ್ಡು ಅಂತೆಲ್ಲ ಇರತ್ತೆ. ಆರು ವಾರದ ಕೆಲಸ ಹತ್ತು ವಾರ ಆಗೋದು ಹೀಗೇನೇ.

ಬೆಂಗಳೂರಲ್ಲಿ ಇನ್ನೊಂದು ಪ್ರಶ್ನೆ ತಪ್ಪದೇ ಬರತ್ತೆ, "ಕಾವೇರಿ ನೀರು ಇದ್ಯಾ ಟ್ಯಾಂಕರಾ?" 2024ರ ಬೇಸಿಗೆ ನೋಡಿದವರು ಯಾರೂ ಇದನ್ನ ಕೇಳದೇ ಇರಲ್ಲ. ಆ ವರ್ಷ ಅಕ್ಟೋಬರಲ್ಲಿ ಕಾವೇರಿ ಐದನೇ ಹಂತ ಶುರುವಾಯ್ತು, 2007ರಲ್ಲಿ ಸಿಟಿಗೆ ಸೇರಿದ 110 ಹಳ್ಳಿಗಳ ಕಡೆಗೆ ನೀರು ಕೊಡೋಕೆ. ಆ ಕಡೆ ಎಷ್ಟೋ ಅಪಾರ್ಟ್‌ಮೆಂಟ್‌ಗಳಲ್ಲಿ ಪೈಪು ಗೇಟಿನ ಮುಂದೆ ಬಂದಿರತ್ತೆ, ಕನೆಕ್ಷನ್ ದುಡ್ಡು ಯಾರು ಕಟ್ಟೋದು ಅಂತ ಅಸೋಸಿಯೇಷನ್ ಕಿತ್ತಾಡ್ತಾ ಕೂತಿರತ್ತೆ. ಅಂಥ ಬಿಲ್ಡಿಂಗಲ್ಲಿ ಟ್ಯಾಂಕರ್ ರೇಟಿಗೆ ಕೊಂಡು ಕಾವೇರಿ ರೇಟಿಗೆ ಮಾರೋದು ನಾನು ನೋಡಿರೋ ರಿಪೇರಿಗಳಲ್ಲೇ ಒಳ್ಳೇದು, ಒಂದು ಟೈಲ್ಸೂ ಒಡೀಬೇಕಾಗಿಲ್ಲ, ಮೀಟಿಂಗಲ್ಲಿ ಕೂತು ಎಲ್ರನ್ನೂ ಒಪ್ಪಿಸೋ ತಾಳ್ಮೆ ಬೇಕು ಅಷ್ಟೇ.

ಹಳೇ ಸ್ವಂತ ಮನೆ

ಇದು ಎಲ್ರಿಗೂ ಇಷ್ಟ. ರೆಡ್ ಆಕ್ಸೈಡ್ ನೆಲ, ತೇಗದ ಬಾಗಿಲು, ಮುಂದೆ ಒಂದು ಪಾರಿಜಾತ, ಸರಿ ಮಾಡಿದ್ರೆ ಎಷ್ಟ್ ಚೆನ್ನಾಗಾಗತ್ತೆ ಅನ್ಸತ್ತೆ. ಆದ್ರೆ ಊರು ನೋಡಿ. ಬೆಂಗಳೂರಲ್ಲಿ ರಾಜಾಜಿನಗರ, ವಿಜಯನಗರ, ಹನುಮಂತನಗರದಂಥ ಕಡೆ 30 ಬೈ 40ರಲ್ಲಿ ಹಳೇ ಮನೆ ಕೊಳ್ಳೋಕೆ ಬರೋನು ಮನೆ ನೋಡೋದೇ ಇಲ್ಲ, ಸೈಟ್ ಅಳೀತಾನೆ, ರಸ್ತೆ ಎಷ್ಟಡಿ ನೋಡ್ತಾನೆ, ಒಡೆದು ಮೂರು ಫ್ಲೋರ್ ಎತ್ತಿ ಬಾಡಿಗೆಗೆ ಬಿಡೋದು ಅವನ ಪ್ಲಾನು. ನೀವು ಎಂಟು ಲಕ್ಷ ಸುರಿದು ಮಾಡಿದ ಅಡುಗೆ ಮನೆಗೆ ಅವನು ಕೊಡೋ ಬೆಲೆ ಸೊನ್ನೆ, ಜೆಸಿಬಿ ಬಾಡಿಗೆ ಬೇರೆ ಕಳೀತಾನೆ. ಮೈಸೂರು, ತುಮಕೂರು, ಹುಬ್ಬಳ್ಳಿ ವಿದ್ಯಾನಗರದ ಕಡೆ ಆದ್ರೆ ವಾಸಕ್ಕೇ ಅಂತ ಹಳೇ ಮನೆ ಕೊಳ್ಳೋರು ಇನ್ನೂ ಇದ್ದಾರೆ, ರಿಟೈರ್ ಆಗಿ ಬರೋರು, ಮೇಷ್ಟ್ರುಗಳು, ಬೆಂಗಳೂರು ಸಾಕಪ್ಪ ಅಂತ ಬರೋರು. ಅಲ್ಲಿ ರಿಪೇರಿಗೆ ಬೆಲೆ ಉಂಟು. ಆದ್ರೆ ಅಲ್ಲಿ ಕೊಳ್ಳೋರು ನಿಧಾನ, ಮೂರು ಸಲ ಬಂದು, ಅಣ್ಣನ್ನ ಕರ್ಕೊಂಡು ಬಂದು, ಶಾಸ್ತ್ರಿಗಳನ್ನ ಕರ್ಕೊಂಡು ಬಂದು, ಆಮೇಲೆ ರೇಟು.

ನನ್ನ ಮೊದಲ್ನೇದು ಇದೇ ಆಗಿತ್ತು, ಮೈಸೂರು ಕುವೆಂಪುನಗರದಲ್ಲಿ, ಕಸಿನ್ ಜೊತೆ ಸೇರಿ. ರಿಪೇರಿಗೆ ಐದು ಲಕ್ಷ ಅಂದ್ಕೊಂಡಿದ್ವಿ. ಬಾತ್‌ರೂಂ ಗೋಡೆ ಒಡೆದಾಗ ಒಳಗಿದ್ದ ಹಳೇ ಜಿಐ ಪೈಪು ಕೈಯಲ್ಲಿ ಹಿಡಿದ್ರೆ ಚಕ್ಕೆ ಚಕ್ಕೆಯಾಗಿ ಉದುರ್ತು, ಒಳಗೆ ತುಕ್ಕು ಕಟ್ಕೊಂಡು ಪೆನ್ಸಿಲ್ ತೂರೋ ಅಷ್ಟು ತೂತು ಉಳಿದಿತ್ತು. ಇಡೀ ಮನೆ ಪ್ಲಂಬಿಂಗ್ ಹೊಸದು. ವೈರಿಂಗ್ ಒಂದು ರೂಮಿಂದು ತೆಗೆದ್ರೆ ಎಲ್ಲಾ ತೆಗೀಬೇಕಾಯ್ತು, ಅರ್ಥಿಂಗೇ ಇರ್ಲಿಲ್ಲ. ಐದು ಎಂಟೂವರೆ ಆಯ್ತು. ಅದೂ ತಡ್ಕೋಬೋದಿತ್ತು.

ತಡ್ಕೊಳ್ಳೋಕೆ ಆಗದೇ ಇದ್ದಿದ್ದು ಪತ್ರ. ಯಜಮಾನ್ರು ವಿಲ್ ಬರೀದೇ ತೀರ್ಕೊಂಡಿದ್ರು, ನಮಗೆ ಮಾರಿದ್ದು ಅವ್ರ ಹೆಂಡ್ತಿ, ಇಬ್ರು ಗಂಡು ಮಕ್ಕಳು. ಒಬ್ಬ ಮಗಳಿದ್ಲು, ಮದ್ವೆಲಿ ಎಲ್ಲಾ ಕೊಟ್ಟಾಗಿದೆ, ಹಕ್ಕು ಬಿಟ್ಟು ಬರ್ಕೊಟ್ಟಿದಾಳೆ ಅಂತ ಒಂದು 20 ರೂಪಾಯಿ ಛಾಪಾ ಕಾಗದ ತೋರಿಸಿದ್ರು. ರಿಜಿಸ್ಟರ್ ಆಗಿರ್ಲಿಲ್ಲ. ಹಕ್ಕು ಬಿಡುಗಡೆ ಪತ್ರ ರಿಜಿಸ್ಟರ್ ಆಗದೇ ಇದ್ರೆ ಅದು ಬರೀ ಕಾಗದ ಅಂತ ನಮಗೆ ಗೊತ್ತಿರ್ಲಿಲ್ಲ, ಲಾಯರಿಗೆ ಕೊಡೋ 12 ಸಾವಿರ ಉಳಿಸೋಕೆ ಹೋಗಿ ಬ್ರೋಕರ್ ಮಾತು ನಂಬಿದ್ವಿ. ಮಾರೋಕೆ ಹೋದಾಗ ಕೊಳ್ಳೋರ ಬ್ಯಾಂಕಿನ ಲಾಯರ್ ಎರಡೇ ಸಾಲಲ್ಲಿ ಬರೆದು ವಾಪಸ್ ಕಳಿಸಿದ್ರು, ಮಗಳ ಸಹಿ ಎಲ್ಲಿ ಅಂತ. ಆ ಮಗಳಿದ್ದ ಶಿವಮೊಗ್ಗಕ್ಕೆ ಹೋದ್ವಿ. ಆಯಮ್ಮ ಜಗಳ ಆಡ್ಲಿಲ್ಲ, ಕಾಫಿ ಕೊಟ್ರು, "ನನ್ನನ್ನ ಯಾರೂ ಒಂದು ಮಾತು ಕೇಳ್ಲೇ ಇಲ್ವಲ್ಲ, ಅಪ್ಪನ ಮನೆ ಮಾರಿದ್ದು ನಂಗೆ ಬೇರೆಯವ್ರಿಂದ ಗೊತ್ತಾಯ್ತು" ಅಂದ್ರು. ನಮ್ಮ ಹತ್ರ ಉತ್ತರ ಇರ್ಲಿಲ್ಲ. ಅವ್ರಿಗೆ ಸಲ್ಲಬೇಕಾದ್ದು ಮಾತಾಡಿ ಕೊಟ್ಟು, ಅಣ್ಣಂದಿರನ್ನ ಒಪ್ಪಿಸಿ ಅವ್ರ ಪಾಲಿಂದೂ ಹಾಕ್ಸಿ, ರಿಜಿಸ್ಟರ್ ಮಾಡ್ಸೋ ಹೊತ್ತಿಗೆ ನಾಲ್ಕು ತಿಂಗಳು, ಅಷ್ಟರಲ್ಲಿ ಆ ಕೊಳ್ಳೋರು ಬೇರೆ ಮನೆ ತಗೊಂಡ್ರು, ಆಷಾಢ ಬಂತು. ಹದಿನಾಲ್ಕು ತಿಂಗಳಿಗೆ ಇಬ್ರಿಗೂ ಸೇರಿ ಉಳಿದಿದ್ದು ಎರಡು ಲಕ್ಷ.

ಹೆಣ್ಣು ಮಕ್ಕಳ ಹಕ್ಕಿನ ವಿಷಯ ಇನ್ನೂ ಎಷ್ಟೋ ಬ್ರೋಕರ್‌ಗಳು "ಮದ್ವೆ ಆಗಿ ಹೋದವ್ರಿಗೆ ಏನೂ ಇಲ್ಲ" ಅಂತ ಹೇಳ್ಕೊಂಡು ಓಡಾಡ್ತಾರೆ. ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ, ತಂದೆ ಸ್ವಂತ ದುಡಿಮೆ ಆಸ್ತಿ, ವಿಲ್ ಇಲ್ಲ ಅಂದ್ರೆ ಹೆಂಡ್ತಿ, ಗಂಡು ಮಕ್ಕಳು, ಹೆಣ್ಣು ಮಕ್ಕಳು, ಬದುಕಿದ್ರೆ ತಂದೆಯ ತಾಯಿ, ಎಲ್ರಿಗೂ ಸಮ ಪಾಲು. ಪಿತ್ರಾರ್ಜಿತ ಆದ್ರೆ ಕರ್ನಾಟಕ 1994ರಲ್ಲೇ ಮದ್ವೆ ಆಗದ ಹೆಣ್ಣು ಮಕ್ಕಳಿಗೆ ಕೊಟ್ಟಿತ್ತು, 2005ರ ಕೇಂದ್ರದ ತಿದ್ದುಪಡಿ ಎಲ್ರಿಗೂ ಕೊಡ್ತು, ತಂದೆ ಆಗ ಬದುಕಿದ್ರಾ ಇಲ್ವಾ ಅನ್ನೋ ಗೊಂದಲಾನ ಸುಪ್ರೀಂ ಕೋರ್ಟ್ 2020ರಲ್ಲಿ ಮುಗಿಸ್ತು, ಹುಟ್ಟಿಂದಲೇ ಹಕ್ಕು ಅಂತ. ಹಾಗಾಗಿ ನಾಡ ಕಚೇರಿಯ ವಂಶವೃಕ್ಷ ತರಿಸಿ, ಅದ್ರಲ್ಲಿರೋ ಹೆಸರುಗಳಿಗೂ ಸೇಲ್ ಡೀಡಿನ ಸಹಿಗಳಿಗೂ ತಾಳೆ ನೋಡಿ, ಪಕ್ಕದ ಮನೆ ಅಜ್ಜಿನೂ ಒಂದ್ಸಲ ಕೇಳಿ, ಆ ಮನೇಲಿ ಎಷ್ಟು ಜನ ಮಕ್ಕಳಿದ್ರು ಅಂತ. ತಮಾಷೆಗೆ ಹೇಳ್ತಿಲ್ಲ. ಇಸಿ 13 ವರ್ಷದ್ದು ಸಾಲದು, 30 ವರ್ಷದ್ದು ತೆಗೆಸಿ. ಅಪ್ರಾಪ್ತ ಮಕ್ಕಳ ಪಾಲಿದ್ರೆ ಕೋರ್ಟ್ ಪರ್ಮಿಷನ್ ಬೇಕಾಗ್ಬೋದು, ಅಲ್ಲಿಗೆ ಆರು ತಿಂಗಳ ಪ್ಲಾನು ಮರೆತುಬಿಡಿ. ಬಿಡಿಎ ಸೈಟಿನ ಮನೆ ಆದ್ರೆ ಲೀಸ್ ಕಮ್ ಸೇಲ್ (ಮೊದ್ಲು ಲೀಸು, ಆಮೇಲೆ ಕ್ರಯ) ಅವಧಿ ಮುಗಿದು ಪಕ್ಕಾ ಕ್ರಯಪತ್ರ ಆಗಿದ್ಯಾ ನೋಡಿ.

ಆದ್ರೆ ಇಲ್ಲೇ ದುಡ್ಡೂ ಇರೋದು. ಐದು ಜನ ಅಣ್ಣ ತಂಗಿಯರು ಐದು ಊರಲ್ಲಿ, ಒಬ್ರು ನ್ಯೂಜೆರ್ಸಿಲಿ, ಯಾರಿಗೂ ಓಡಾಡೋ ಪುರುಸೊತ್ತಿಲ್ಲ, ಖಾತಾ ಇನ್ನೂ ತಾತನ ಹೆಸರಲ್ಲಿ. ಅಂಥ ಮನೆ ಮಾರ್ಕೆಟ್ಟಿಗಿಂತ ಚೆನ್ನಾಗಿಯೇ ಕಮ್ಮಿಗೆ ಸಿಗತ್ತೆ, ಯಾಕಂದ್ರೆ ಎಲ್ರೂ ಹೆದರ್ತಾರೆ. ಒಳ್ಳೇ ಲಾಯರ್, ಒಂದು ವರ್ಷ ಕಾಯೋ ದುಡ್ಡು, ಎಲ್ರ ಮನೆಗೂ ಹೋಗಿ ಕೂತು ಮಾತಾಡೋ ಬಾಯಿ ಇದ್ರೆ ಇದೇ ಒಳ್ಳೇ ವ್ಯಾಪಾರ. ಆದ್ರೆ ಎಲ್ಲಾ ಪತ್ರ ಅವ್ರ ಹೆಸರಲ್ಲೇ ಸರಿ ಆದ್ಮೇಲೆ ನಿಮ್ಮ ಹೆಸರಿಗೆ ರಿಜಿಸ್ಟ್ರೇಷನ್, ಅದಕ್ಕೆ ಮುಂಚೆ ಅಲ್ಲ. ಇನ್ನೊಂದು, ಮಾರೋರು ವಿದೇಶದಲ್ಲಿದ್ರೆ ನೀವು ಹಿಡೀಬೇಕಾದ ಟಿಡಿಎಸ್ (ದುಡ್ಡು ಕೊಡೋವಾಗ್ಲೇ ಹಿಡಿದು ಸರ್ಕಾರಕ್ಕೆ ಕಟ್ಟೋ ಟ್ಯಾಕ್ಸು) ಮಾಮೂಲಿ 1 ಪರ್ಸೆಂಟ್ ಅಲ್ಲ, ಬೇರೆ ಲೆಕ್ಕ, ತುಂಬಾ ಜಾಸ್ತಿ, ಹಿಡೀದೇ ಇದ್ರೆ ನೋಟಿಸ್ ಬರೋದು ನಿಮಗೆ.

ಬ್ಯಾಂಕ್ ಹರಾಜು

"ಮಾರ್ಕೆಟ್ ರೇಟಿಗಿಂತ 30 ಪರ್ಸೆಂಟ್ ಕಮ್ಮಿಗೆ" ಅಂತ ವಾಟ್ಸಾಪಲ್ಲಿ ಬರೋ ಮೆಸೇಜು ಎಲ್ರೂ ನೋಡಿರ್ತೀರಿ. ಸಾಲ ಕಟ್ಟದೇ ಇದ್ದವರ ಆಸ್ತಿನ ಬ್ಯಾಂಕು 2002ರ ಸರ್ಫೇಸಿ ಕಾಯ್ದೆ ಪ್ರಕಾರ ಮಾರತ್ತೆ, ಮೊದ್ಲು 60 ದಿನದ ನೋಟಿಸು, ಆಮೇಲೆ ಸ್ವಾಧೀನ, ಆಮೇಲೆ ಇ-ಹರಾಜು. ಸರ್ಕಾರಿ ಬ್ಯಾಂಕುಗಳದ್ದೆಲ್ಲ ಬ್ಯಾಂಕ್‌ನೆಟ್ ಪೋರ್ಟಲಲ್ಲಿ ನೋಡ್ಬೋದು. ರಿಸರ್ವ್ ಬೆಲೆಯ (ಹರಾಜು ಶುರುವಾಗೋ ಕನಿಷ್ಠ ಬೆಲೆ) ಹತ್ರಹತ್ರ 10 ಪರ್ಸೆಂಟ್ ಮುಂಗಡ ಕಟ್ಟಿ ಬಿಡ್ ಮಾಡ್ಬೇಕು, ಗೆದ್ರೆ ಅವತ್ತೇ ಅಥವಾ ಮಾರನೇ ಕೆಲಸದ ದಿನದ ಒಳಗೆ ಒಟ್ಟು 25 ಪರ್ಸೆಂಟ್, ಮಿಕ್ಕ 75 ಮಾರಾಟ ಖಾಯಂ ಆದ 15 ದಿನದಲ್ಲಿ, ಬ್ಯಾಂಕು ಬರೆದು ಒಪ್ಪಿದ್ರೆ ಮೂರು ತಿಂಗಳ ತನಕ. ಕಟ್ಟೋಕಾಗ್ಲಿಲ್ಲ ಅಂದ್ರೆ ಆ 25 ಹೋಯ್ತು. ಲೋನ್ ನಂಬ್ಕೊಂಡು ಹೋಗೋರಿಗೆ 15 ದಿನ ಅನ್ನೋದು ಎಷ್ಟು ಕಮ್ಮಿ ಅಂತ ಲೋನ್ ತಗೊಂಡ ಯಾರನ್ನ ಬೇಕಾದ್ರೂ ಕೇಳಿ.

ಹರಾಜಿನ ಜಾಹೀರಾತಲ್ಲಿ ಎರಡು ಪದ ಹುಡುಕಿ, ಸಾಂಕೇತಿಕ ಸ್ವಾಧೀನವೋ ಭೌತಿಕ ಸ್ವಾಧೀನವೋ. ಸಾಂಕೇತಿಕ ಅಂದ್ರೆ ಬ್ಯಾಂಕಿನವ್ರು ಬಾಗಿಲಿಗೆ ನೋಟಿಸ್ ಅಂಟಿಸಿದಾರೆ, ಒಳಗೆ ಜನ ಇದಾರೆ. ಅವ್ರನ್ನ ಬಿಡಿಸೋಕೆ ಮ್ಯಾಜಿಸ್ಟ್ರೇಟ್ ಆರ್ಡರ್ ಬೇಕು, ಈ ನಡುವೆ ಸಾಲಗಾರ ಡಿಆರ್‌ಟಿಗೆ (ಸಾಲ ವಸೂಲಿ ನ್ಯಾಯಮಂಡಳಿ) ಹೋಗಿ ತಡೆ ತರ್ಬೋದು, ನಿಮ್ಮ ದುಡ್ಡು ಬ್ಯಾಂಕಲ್ಲಿ, ಕೀ ನಿಮ್ಮ ಕೈಯಲ್ಲಿಲ್ಲ.

ನಾನು ಒಂದು ಹರಾಜಿನ ಫ್ಲಾಟ್ ನೋಡೋಕೆ ಹೋಗಿದ್ದೆ. ಬೆಲ್ ಮಾಡಿದೆ, ಮಗು ಎತ್ಕೊಂಡು ಒಬ್ಬ ಹೆಂಗಸು ಬಾಗಿಲು ತೆಗೆದ್ರು, ನಾನು ವಿಷಯ ಹೇಳಿದ್ದಕ್ಕೆ ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕವರ್ ತಂದ್ರು, ಅದ್ರೊಳಗೆ 12 ಲಕ್ಷದ ಲೀಸ್ ಅಗ್ರಿಮೆಂಟು. ಬಾಡಿಗೆ ಇಲ್ಲ, ಮೂರು ವರ್ಷ ಆದ್ಮೇಲೆ 12 ಲಕ್ಷ ವಾಪಸ್ ಅಂತ ಓನರ್ ತಗೊಂಡಿದ್ದ, ಬ್ಯಾಂಕ್ ಕಂತು ಕಟ್ದೇ ನಾಪತ್ತೆ. ಬೆಂಗಳೂರಲ್ಲಿ ಲೀಸ್ ಹಾಕ್ಕೊಂಡು ಕೂತವ್ರ ಕಥೆ ಇಂಥವು ಬೇಕಾದಷ್ಟು. ಕಾನೂನಿನ ಪ್ರಕಾರ ಅವ್ರ ಕೇಸ್ ಎಷ್ಟು ಗಟ್ಟಿ ಅನ್ನೋದು ಬೇರೆ ಮಾತು, ಗೆದ್ದೋನು ಹೋಗಿ ಅವ್ರನ್ನ ಹೊರಗೆ ಹಾಕ್ಬೇಕಲ್ಲ, ಅದು ನನ್ನಿಂದ ಆಗಲ್ಲ ಅಂತ ಬಿಡ್ ಮಾಡ್ಲಿಲ್ಲ. ನಿಮ್ಮಿಂದ ಆಗತ್ತಾ ಅನ್ನೋದನ್ನ ಬಿಡ್ ಮಾಡೋ ಮುಂಚೆ ಕೇಳ್ಕೊಳ್ಳಿ, ಎಕ್ಸೆಲ್ ಶೀಟಲ್ಲಿ ಅದಕ್ಕೆ ಕಾಲಂ ಇರಲ್ಲ.

"ಇದ್ದಲ್ಲಿ ಇದ್ದ ಹಾಗೆ" ಅಂತ ಷರತ್ತು ಇರೋದ್ರಿಂದ ಒಳಗೆ ನೋಡೋಕೆ ಬಿಡ್ಲಿಲ್ಲ ಅಂದ್ರೂ ಆಮೇಲೆ ಯಾರನ್ನೂ ಕೇಳೋ ಹಾಗಿಲ್ಲ. ಹಳೇ ಕರೆಂಟ್ ಬಿಲ್ಲು, ಮನೆ ಕಂದಾಯ, ಅಸೋಸಿಯೇಷನ್ ಬಾಕಿ ನಿಮ್ಮ ತಲೆಗೇ ಬರ್ಬೋದು, ನಾನು ನೋಡಿದ ಆ ಫ್ಲಾಟಲ್ಲಿ ಮೇಂಟೆನೆನ್ಸ್ ಬಾಕಿನೇ ಒಂದೂಮುಕ್ಕಾಲು ಲಕ್ಷ ಇತ್ತು, ಸೆಕ್ಯೂರಿಟಿಯವನ ಹತ್ರ ಕೇಳಿದ್ರೆ ಗೊತ್ತಾಗತ್ತೆ. ಭೌತಿಕ ಸ್ವಾಧೀನ, ಬೀಗ ಬ್ಯಾಂಕಿಂದೇ, ಒಳಗೆ ಹೋಗಿ ನೋಡೋಕೆ ಬಿಟ್ರು, ಡಿಆರ್‌ಟಿಲಿ ಕೇಸಿಲ್ಲ, ಪೂರ್ತಿ ದುಡ್ಡು ಕೈಯಲ್ಲಿದೆ. ಇಷ್ಟೂ ಇದ್ರೆ ಹರಾಜು ಫ್ಲಾಟಿಗಿಂತ ಒಳ್ಳೇದು. ಇಷ್ಟೂ ಇರೋದಕ್ಕೆ ಬಿಡ್ ಮಾಡೋರು ಬಹಳ ಜನ, ಅಲ್ಲಿಗೆ ಅಗ್ಗದ ಮಾತು ಮುಗೀತು, ಅದೇ ಬೇಜಾರು.

ಅಗ್ರಿಮೆಂಟ್ ಹಾಕ್ಕೊಂಡು ಮಾರೋದು

ನಮ್ಮಲ್ಲಿ ಹಳೇ ಕಾಲದಿಂದ ನಡೆಯೋ ಫ್ಲಿಪ್ಪಿಂಗ್ (ಕೊಂಡು ಬೇಗ ಮಾರೋದು) ಅಂದ್ರೆ ಇದೇ. 10 ಪರ್ಸೆಂಟ್ ಅಡ್ವಾನ್ಸ್ ಕೊಟ್ಟು ಆರು ತಿಂಗಳ ಸೇಲ್ ಅಗ್ರಿಮೆಂಟ್, "ನನಗೆ ಅಥವಾ ನಾನು ಸೂಚಿಸಿದವರಿಗೆ" ಅಂತ ಒಂದು ಸಾಲು, ಅಷ್ಟರಲ್ಲಿ ಪಾರ್ಟಿ ಹುಡುಕಿ ನೇರವಾಗಿ ಅವ್ರಿಗೇ ರಿಜಿಸ್ಟ್ರೇಷನ್, ನೀವು ಒಪ್ಪಿಗೆದಾರರಾಗಿ ಸಹಿ. 7.6 ಉಳಿಯತ್ತೆ, ಆಕರ್ಷಣೆನೇ ಅದು. ಪಾರ್ಟಿ ಸಿಗ್ಲಿಲ್ಲ ಅಂದ್ರೆ ಅಡ್ವಾನ್ಸ್ ಗೋವಿಂದ. ಓನರಿಗೆ ಮೊದ್ಲೇ ಹೇಳಿ ಮಾಡಿ, ಕದ್ದು ಮಾಡಿದ್ರೆ ಕೊನೇ ದಿನ ಓನರ್ ಇನ್ನಷ್ಟು ಕೇಳ್ತಾನೆ. ಮತ್ತೆ, ಅಗ್ರಿಮೆಂಟ್ ಟೈಮಲ್ಲೇ ಕೀ ಇಸ್ಕೊಂಡು ರಿಪೇರಿ ಮಾಡೋಣ ಅನ್ನೋ ಐಡಿಯಾ ಬರತ್ತೆ, ಸ್ವಾಧೀನ ಕೊಟ್ಟ ಅಗ್ರಿಮೆಂಟಿಗೆ ಸೇಲ್ ಡೀಡಿನಷ್ಟೇ ಸ್ಟ್ಯಾಂಪ್ ಡ್ಯೂಟಿ, ಉಳಿಸಿದ್ದು ಅಲ್ಲೇ ಹೋಯ್ತು. ಜಿಪಿಎ (ಓನರ್ ಬರ್ಕೊಡೋ ಅಧಿಕಾರ ಪತ್ರ) ಮೇಲೆ ಕೊಳ್ಳೋದು ಬೇಡ್ವೇ ಬೇಡ, ಅದ್ರಿಂದ ಮಾಲೀಕತ್ವ ಬರಲ್ಲ ಅಂತ ಸುಪ್ರೀಂ ಕೋರ್ಟ್ 2011ರಲ್ಲೇ ಹೇಳಿಯಾಗಿದೆ.

ಖಾಲಿ ಸೈಟು, ಪ್ರೀ ಲಾಂಚ್ ಫ್ಲಾಟ್ ಬುಕ್ ಮಾಡಿ ಮಾರೋದು ಇವೆಲ್ಲ ರೇಟು ಏರತ್ತೆ ಅಂತ ಕಟ್ಟೋ ಬಾಜಿ, ಅದನ್ನ ಈ ಹೋಲಿಕೆಗೆ ಸೇರಿಸಲ್ಲ. ಪ್ರೀ ಲಾಂಚ್ ಅಂತ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ ಪ್ರಾಧಿಕಾರ) ನಂಬರ್ ಇಲ್ದೇ ದುಡ್ಡು ಕೇಳಿದ್ರೆ ಅಲ್ಲಿಂದ ಎದ್ದು ಬನ್ನಿ ಅಷ್ಟೇ.

ಬ್ಲ್ಯಾಕು, ಟ್ಯಾಕ್ಸು, ತಿಂಗಳು

ಹಳೇ ಓನರ್‌ಗಳು "ಗೈಡೆನ್ಸ್ ವ್ಯಾಲ್ಯೂಗೆ ರಿಜಿಸ್ಟರ್ ಮಾಡ್ಸೋಣ, ಮಿಕ್ಕಿದ್ದು ಕೈಯಲ್ಲಿ ಕೊಡಿ" ಅಂತಾರೆ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಜಾಸ್ತಿ ಕ್ಯಾಶ್ ತಗೊಂಡ್ರೆ ತಗೊಂಡಷ್ಟೇ ದಂಡ ಅನ್ನೋದು ಒಂದು ಕಡೆ ಇರ್ಲಿ, ಅದು ತಪ್ಪು ಅನ್ನೋದೂ ಇರ್ಲಿ, ಬರೀ ವ್ಯಾಪಾರದ ಕಣ್ಣಲ್ಲೇ ನೋಡಿ. ನೀವು 55ರಲ್ಲಿ 15 ಬ್ಲ್ಯಾಕ್ ಕೊಟ್ರಿ, ಪತ್ರದಲ್ಲಿ 40. ನಿಮ್ಮಿಂದ ಕೊಳ್ಳೋನು ಸಾಫ್ಟ್‌ವೇರ್ ಹುಡುಗ, ಪೂರ್ತಿ ಲೋನು, ಪೂರ್ತಿ ವೈಟು, ಪತ್ರದಲ್ಲಿ 74. ಈಗ ಕಾಗದದ ಮೇಲೆ ನಿಮ್ಮ ಲಾಭ ಇನ್ನೂ 15 ಲಕ್ಷ ಜಾಸ್ತಿ, ಅದಕ್ಕೂ ಟ್ಯಾಕ್ಸ್ ನೀವೇ ಕಟ್ಬೇಕು, ಅಂದ್ರೆ ಹಳೇ ಓನರ್ ಕಟ್ಬೇಕಿದ್ದ ಟ್ಯಾಕ್ಸನ್ನ ನಿಮ್ಮ ಜೇಬಿಂದ ಕೊಟ್ಟ ಹಾಗಾಯ್ತು. ಈ ಸರಳ ವಿಷಯ ಎಷ್ಟು ಜನಕ್ಕೆ ಮಾರೋ ದಿನ ಹೊಳೆಯತ್ತೆ ಅಂದ್ರೆ!

ಕೊಂಡು 24 ತಿಂಗಳ ಒಳಗೆ ಮಾರಿದ್ರೆ ಲಾಭ ನಿಮ್ಮ ಸಂಬಳಕ್ಕೆ ಸೇರಿ ಸ್ಲ್ಯಾಬ್ ಪ್ರಕಾರ ಟ್ಯಾಕ್ಸು, ದಾಟಿದ್ರೆ 12.5 ಪರ್ಸೆಂಟ್. ಹಾಗಂತ ಟ್ಯಾಕ್ಸ್ ಉಳಿಸೋಕೆ ಎರಡು ವರ್ಷ ಬಡ್ಡಿ ಕಟ್ಕೊಂಡು ಕೂತ್ರೆ ಅದು ಬೇರೆ ತಮಾಷೆ, ಬಾಡಿಗೆಗೆ ಬಿಟ್ಟು ಕಾಯೋದಾದ್ರೆ ಲೆಕ್ಕ ಹಾಕಿ ನೋಡಿ. ವರ್ಷಕ್ಕೆ ಎರಡು ಮೂರು ಮನೆ ಮಾಡ್ತೀರಿ ಅಂದ್ರೆ ಇಲಾಖೆ ಅದನ್ನ ವ್ಯಾಪಾರ ಅಂತಲೇ ನೋಡ್ಬೋದು, ಆಗ ಬಡ್ಡಿ, ಓಡಾಟ ಖರ್ಚಿಗೆ ಹಾಕ್ಕೋಬೋದು ಆದ್ರೆ 12.5ರ ಸುಖ ಇಲ್ಲ. ಸಿಎ ಹತ್ರ ಕೊಳ್ಳೋ ಮುಂಚೆ ಹೋಗಿ. ಟೈಲ್ಸ್ ಅಂಗಡಿ, ಮೇಸ್ತ್ರಿ, ಪೇಂಟರ್, ಎಲ್ರಿಗೂ ಅಕೌಂಟಿಂದಲೇ ಕೊಟ್ಟು ಬಿಲ್ ಇಟ್ಕೊಳ್ಳಿ. ಫ್ಲೋಟಿಂಗ್ ರೇಟಿನ ಹೋಮ್ ಲೋನ್ ಬೇಗ ತೀರಿಸಿದ್ರೆ ಪೆನಾಲ್ಟಿ ಇಲ್ಲ, ನಮ್ಮಂಥವರಿಗೆ ಅದೊಂದು ಅನುಕೂಲ.

ತಿಂಗಳ ವಿಷಯ ಯಾರೂ ಹೇಳಲ್ಲ. ಆಷಾಢದಲ್ಲಿ ಫೋನೇ ಬರಲ್ಲ, ಪಿತೃಪಕ್ಷದಲ್ಲಿ ಬಂದ್ರೂ ಅಡ್ವಾನ್ಸ್ ಕೊಡಲ್ಲ, ಧನುರ್ಮಾಸದಲ್ಲಿ ಸಂಕ್ರಾಂತಿ ಆಗ್ಲಿ ಅಂತಾರೆ. ಇದನ್ನ ಉಲ್ಟಾ ಬಳಸ್ಕೊಳ್ಳಿ, ಕೊಳ್ಳೋ ಮಾತುಕತೆ ಆಷಾಢದಲ್ಲಿ ಮಾಡಿ, ಆಗ ಓನರ್ ಹತ್ರ ಬೇರೆ ಯಾರೂ ಇರಲ್ಲ. ರಿಪೇರಿ ಮುಗಿದು ಬೋರ್ಡ್ ಹಾಕೋದು ದಸರಾ ಹೊತ್ತಿಗೆ ಅಥವಾ ಯುಗಾದಿಗೆ, ಮಕ್ಕಳ ಸ್ಕೂಲ್ ಬದಲಾಯಿಸೋರು ಏಪ್ರಿಲ್ ಮೇನಲ್ಲಿ ಅವಸರದಲ್ಲಿ ಇರ್ತಾರೆ.

ಯಾರಿಗೆ ಯಾವ್ದು ಅಂತ ಒಂದೇ ಮಾತಲ್ಲಿ ಕೇಳಿದ್ರೆ, ಕೈಯಲ್ಲಿ 25 ಲಕ್ಷ, ಕೆಲಸಕ್ಕೆ ಹೋಗ್ತಾ ಮಾಡ್ತೀನಿ ಅನ್ನೋರಿಗೆ ಫ್ಲಾಟು, ಅದೂ ನೀವು ಇರೋ ಏರಿಯಾದಲ್ಲೇ, ದಿನಾ ಸಂಜೆ ಹೋಗಿ ಮೇಸ್ತ್ರಿನ ಮಾತಾಡ್ಸೋ ಅಷ್ಟು ಹತ್ರ. ಊರಲ್ಲಿ ಬೇರು ಇದೆ, ಒಳ್ಳೇ ಲಾಯರ್ ಪರಿಚಯ, ವರ್ಷ ಕಾಯ್ತೀನಿ ಅನ್ನೋರಿಗೆ ಮೈಸೂರು ಹುಬ್ಬಳ್ಳಿಯಂಥ ಕಡೆ ಪಾಲುದಾರರು ಜಾಸ್ತಿ ಇರೋ ಹಳೇ ಮನೆ. ಹರಾಜು ಮೂರನೇದೋ ನಾಲ್ಕನೇದೋ ಆಗ್ಲಿ, ಸಾಲ ಇಲ್ದೇ.

ನಾನು ಈಗ ಉತ್ತರಹಳ್ಳಿ ಕಡೆ ಒಂದು ನೋಡಿದೀನಿ, ಹದಿಮೂರು ವರ್ಷ ಹಳೇದು, ಪೂರ್ವಕ್ಕೆ ಬಾಗಿಲು, ಇ-ಖಾತಾ ಬಂದಿದೆ, ಓನರ್ ಕೇಳ್ತಿರೋದು 58, ನಾನು ಹೇಳಿರೋದು 51. ಮಾಸ್ಟರ್ ಬಾತ್‌ರೂಂ ಸೀಲಿಂಗಲ್ಲಿ ತಟ್ಟೆ ಅಗಲದ ಹಳದಿ ಕಲೆ ಇದೆ. ಭಾನುವಾರ ಪ್ಲಂಬರ್ ಕರ್ಕೊಂಡು ಮೇಲಿನ ಮನೆಗೆ ಹೋಗ್ತೀನಿ, ಅವ್ರು ಬಾಗಿಲು ತೆಗೆದು ಒಳಗೆ ಬಿಟ್ರೆ ಮುಂದಿನ ಮಾತು.